ಹಳೇ ಕಾರಿನ್ಯಾಗ ಹೀಟರ್ ಹಚ್ಚಿದ್ರೂ ಕಾಲಿಗೆ ಥಂಡಿ ಗಾಳಿ: ಎಲ್ಲಿಂದ ಬರ್ತದ, ಹೆಂಗ ಬಂದ್ ಮಾಡೋದು

ಪುಣೆಯೊಳಗ ಕಾರಿನ ಹೀಟರ್ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ, ಅದು ಸಹಜನೂ ಹೌದು. ಡಿಸೆಂಬರ್-ಜನವರಿಯೊಳಗ ಬೆಳಗ್ಗೆ ಆರಕ್ಕ 9-10 ಡಿಗ್ರಿ ಇದ್ರ ಮಧ್ಯಾಹ್ನ ಎರಡಕ್ಕ 29-30 ಆಗಿರ್ತದ, ಅಷ್ಟೊತ್ತಿಗೆ ಜನ ಎಸಿ ಹಚ್ಕೊಂಡು ಹೊಂಟಿರ್ತಾರ. ಹಂಗಾಗಿ ಗ್ಯಾರೇಜಿಗೆ ಹೋಗಿ ಹೀಟರ್ ಹಚ್ಚಿದ್ರೂ ಥಂಡಿ ಬರ್ತದ ಅಂದ್ರ ಮಿಸ್ತ್ರಿ "ಸಾಹೇಬ, ಪುಣ್ಯಾತ್ ಹೀಟರ್ ಕಶಾಲಾ ಪಾಹಿಜೆ?" (ಪುಣೆಯೊಳಗ ಹೀಟರ್ ಯಾಕ ಬೇಕು?) ಅಂತ ನಿಮ್ಮನ್ನ ಕೇಳ್ತಾನ. ನಮ್ಮಂಥವ್ರ ಕಥಿನ ಬ್ಯಾರೆ. ನಸುಕಿನ್ಯಾಗ ನಾಕಕ್ಕ ಎದ್ದು ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಹೊಂಡೋ ಮಂದಿ ನಾವು, ಖಂಬಾಟ್ಕಿ ಘಾಟ್ ಏರೋ ಹೊತ್ತಿಗೆ ಹಿಂದಿನ ಸೀಟಿನಿಂದ ಅವ್ವ "ಕಿಟಕಿ ಹಾಕಪಾ ತಮ್ಮಾ" ಅಂತಿರ್ತಾಳ, ನೋಡಿದ್ರ ನಾಕೂ ಕಿಟಕಿ ಹಾಕೇ ಇರ್ತಾವ.

ಇದನ್ನ ಬರಿಯಾಕತ್ತಿದ್ದು ಅಂಥಾ ಗಾಡಿ ಇಟ್ಕೊಂಡೋರಿಗೆ. ಮಾರುತಿ 800, ಝೆನ್, ಎಸ್ಟೀಮ್, ಹಳೇ ಸ್ಯಾಂಟ್ರೊ, ಹಳೇ ವ್ಯಾಗನ್ ಆರ್, ಇಂಡಿಕಾ, ಅಂದ್ರ ಡ್ಯಾಶ್‌ಬೋರ್ಡಿನ್ಯಾಗ ಕೆಂಪು-ನೀಲಿ ಗುರುತಿನ ಲಿವರೋ ನಾಬೋ ಇದ್ದು ಅದರ ಹಿಂದ ಕೇಬಲ್ ಇರೋ ಗಾಡಿ. 15 ವರ್ಷ ದಾಟಿ ಗ್ರೀನ್ ಟ್ಯಾಕ್ಸ್ ತುಂಬಿ ರೀಪಾಸಿಂಗ್ (ಮರುನೋಂದಣಿ) ಮಾಡ್ಸಿ ಇನ್ನೊಂದು ಐದು ವರ್ಷಕ್ಕ ಉಳಿಸ್ಕೊಂಡಿರೋ ಗಾಡಿ ಅನ್ರಿ ಬೇಕಾದ್ರ. ಡಿಜಿಟಲ್ ಕ್ಲೈಮೇಟ್ ಕಂಟ್ರೋಲ್ ಇದ್ರ ಕೇಬಲ್ ಬದ್ಲಿ ಸಣ್ಣ ಮೋಟಾರ್ ಇರ್ತಾವ, ಆ ಭಾಗದ ಹುಡುಕಾಟ ಬ್ಯಾರೆ, ಆದ್ರ ಬಾಡಿಯೊಳಗಿನ ತೂತಿನ ಕಥಿ ಎಲ್ಲಾ ಗಾಡಿಗೂ ಒಂದ.

ಮೊದ್ಲ ಒಂದು ಮಾತು ತಲ್ಯಾಗ ಇಟ್ಕೋರಿ. ಬಿಸಿ ಸಾಕಾಗ್ತಿಲ್ಲ ಅನ್ನೋದು ಒಂದು ತಕರಾರು, ಬಿಸಿ ಬರ್ತದ ಆದ್ರ ಅದರ ಜೋಡಿ ಹೊರಗಿನ ಥಂಡಿ ಗಾಳಿನೂ ನುಗ್ತದ ಅನ್ನೋದು ಇನ್ನೊಂದು. ಮಂದಿ ಇವೆರಡನ್ನೂ ಒಂದ ಅಂತ ತಿಳ್ಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಿಸಿ ಕೂಡ್ತಾರ, ಆಮ್ಯಾಲ ಆ ಡ್ಯಾಶ್‌ಬೋರ್ಡ್ ಜೀವಮಾನ ಪೂರ್ತಿ ಕಿರಗುಟ್ಟತದ. ಹತ್ತರಾಗ ಏಳೆಂಟು ಸಲ ಡ್ಯಾಶ್‌ಬೋರ್ಡಿಗೆ ಕೈ ಹಚ್ಚೋ ಜರೂರತ್ತ ಇರೂದಿಲ್ಲ ಅಂತ ನನ್ನ ಅಭಿಪ್ರಾಯ.

ಬಿಸಿ ಎಲ್ಲಿಂದ ಬರ್ತದ

ಕಾರಿನ ಹೀಟರ್‌ಗೆ ಕರೆಂಟಿನ ಕಾಯಿಲ್ ಇರ್ತದ ಅಂತ ಇನ್ನೂ ಭಾಳ ಮಂದಿ ತಿಳ್ಕೊಂಡಾರ. ಹಂಗೇನಿಲ್ಲ. ಇಂಜಿನ್ ತಂಪಿಡಾಕ ಅದರ ಸುತ್ತ ತಿರುಗೋ ನೀರು, ಅಂದ್ರ ಕೂಲಂಟ್ 80-90 ಡಿಗ್ರಿ ಬಿಸಿ ಇರ್ತದ, ಅದರಾಗ ಸ್ವಲ್ಪ ಪಾಲು ಎರಡು ಹೋಸ್ ಪೈಪಿನಿಂದ ಇಂಜಿನ್ ಮತ್ತ ನಾವು ಕೂಡೋ ಜಾಗಾದ ನಡುವಿನ ತಗಡಿನ ಗ್ವಾಡಿ, ಅಂದ್ರ ಫೈರ್‌ವಾಲ್ ದಾಟಿ ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ರೇಡಿಯೇಟರಿಗೆ ಬರ್ತದ, ಮಿಸ್ತ್ರಿಗಳು ಅದಕ್ಕ ಹೀಟರ್ ಕಾಯಿಲ್ ಅಂತಾರ. ಬ್ಲೋವರ್ (ಗಾಳಿ ಊದೋ ಫ್ಯಾನ್) ಗಾಳಿ ಅದರ ಮ್ಯಾಲಿಂದ ಹಾದು ಬಿಸಿ ಆಗ್ತದ. ನೀವು ಲಿವರ್ ಕೆಂಪಿನ ಕಡೆ ಎಳದ್ರ ಕೆಲವು ಗಾಡ್ಯಾಗ ನೀರಿನ ವಾಲ್ವ್ ತೆರೀತದ, ಕೆಲವುದರಾಗ ಒಂದು ಫ್ಲ್ಯಾಪ್ (ಪುಟ್ಟ ಬಾಗಿಲಿನಂಥ ಹಲಗಿ) ತಿರುಗಿ ಗಾಳಿನ ಕಾಯಿಲ್ ಕಡೆ ಕಳಿಸ್ತದ, ಕೆಲವುದರಾಗ ಎರಡೂ ಆಗ್ತದ. ಇನ್ನೊಂದು ಫ್ಲ್ಯಾಪ್ ಗಾಳಿ ಹೊರಗಿಂದ ತಗೋಬೇಕೋ ಒಳಗಿಂದನ ತಿರುಗಿಸಬೇಕೋ ಅಂತ ನೋಡ್ಕೊಳ್ತದ. ಮತ್ತೊಂದು, ಗಾಳಿ ಮುಖಕ್ಕೋ ಕಾಲಿಗೋ ಗ್ಲಾಸಿಗೋ ಅನ್ನೋದನ್ನ.

ಈ ಫ್ಲ್ಯಾಪ್‌ಗಳ ಅಂಚಿಗೆ ಸ್ಪಂಜ್ ಅಂಟಿಸಿರ್ತಾರ. ಹದಿನೈದು ಬ್ಯಾಸಗಿ ಕಂಡ ಸ್ಪಂಜ್ ಪುಡಿ ಪುಡಿ ಆಗಿರ್ತದ. ಬ್ಲೋವರ್ ಜೋರ್ ಮಾಡಿದ್ರ ವೆಂಟಿನಿಂದ ಕರೇ ಪುಡಿ ಹಾರಿ ಶರ್ಟಿನ ಮ್ಯಾಲ ಬೀಳ್ತದಲ್ಲ, ಬೆರಳಿನಾಗ ತಿಕ್ಕಿದ್ರ ಅಂಟಂಟು ಹತ್ತತದ, ಅದ ಅದು.

ಮೊದ್ಲ ಹೆಜ್ಜಿ: ಎರಡರಾಗ ಯಾವುದು ಅಂತ ಖಾತ್ರಿ ಮಾಡ್ಕೋರಿ

ಬೆಳಗ್ಗೆ ಲಗೂ ಎದ್ದು ಗಾಡಿ ಇಪ್ಪತ್ತು ನಿಮಿಷ ಓಡಿಸ್ರಿ, ಟೆಂಪರೇಚರ್ ಮುಳ್ಳು ತನ್ನ ಮಾಮೂಲಿ ಜಾಗಾಕ್ಕ ಬರಲಿ. ಬಯಲು ಜಾಗಾದಾಗ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು ಲಿವರ್ ಪೂರ್ತಿ ಬಿಸಿ, ಗಾಳಿ ಕಾಲಿಗೆ, ಒಳಗಿನ ಗಾಳಿ ತಿರುಗೋ ಸೆಟ್ಟಿಂಗ್, ಬ್ಲೋವರ್ ಎರಡರ ಮ್ಯಾಲ ಇಡ್ರಿ. ಅಡಗಿಮನಿ ಡಿಜಿಟಲ್ ಥರ್ಮಾಮೀಟರ್ ಇದ್ರ ಕಾಲಿನ ವೆಂಟಿನ್ಯಾಗ ಹಿಡೀರಿ, 45-50 ಡಿಗ್ರಿ ದಾಟಿದ್ರ ಹೀಟರ್ ಚಲೋ ಅದ ಅಂತ ಅರ್ಥ. ಇಲ್ಲಂದ್ರ ಕೈ ಸಾಕು, ಒಂದು ನಿಮಿಷ ಹಿಡದ್ರ ಕೈ ಹಿಂದಕ್ಕ ಎಳ್ಕೋಬೇಕು ಅನ್ನಿಸ್ಬೇಕು.

ಈಗ ಹೈವೇಗೆ ಹೋಗಿ 70-80 ಸ್ಪೀಡಿನ್ಯಾಗ ಹೊಡೀರಿ. ನಿಂತಾಗ ಬೆಚ್ಚಗ ಇದ್ದು ಓಡೋವಾಗ ಮೀನಖಂಡಕ್ಕ, ಗೇರ್ ಸುತ್ತ, ಬಾಗಿಲ ಸಂದಿಯಿಂದ ಥಂಡಿ ಹೊಡದ್ರ ಬಾಡಿ ಲೀಕ್ ಅದ. ನಿಂತಾಗನೂ ಓಡೋವಾಗನೂ ವೆಂಟಿನ ಗಾಳಿನ ಉಗುರುಬೆಚ್ಚಗ ಇದ್ರ ಬಿಸಿ ಕಡೆ ತಕರಾರು. ಓಡೋವಾಗ ಬಿಸಿ ಬಂದು ಸಿಗ್ನಲ್‌ನ್ಯಾಗ ನಿಂತಾಗ ಥಂಡ ಆದ್ರ ಕೂಲಂಟ್ ಕಡಿಮಿ ಆಗಿರ್ತದ ಇಲ್ಲಾ ಒಳಗ ಗಾಳಿ ಸಿಕ್ಕೊಂಡಿರ್ತದ, ವಾಟರ್ ಪಂಪ್ ದಣದಿದ್ರೂ ಹಂಗ ಆಗ್ತದ.

ಓಡೋವಾಗ ಹಿಂದಿನ ಕಿಟಕಿ ಎರಡು ಬೆರಳಿನಷ್ಟು ಇಳಿಸಿ ನೋಡ್ರಿ. ಕಾಲಿಗೆ ಬಡಿಯೋ ಥಂಡಿ ಇನ್ನೂ ಜೋರಾದ್ರ ಗಾಳಿ ಮುಂದಿನ ಫೈರ್‌ವಾಲ್ ಕಡೆಯಿಂದನ ನುಗ್ಗಾಕತ್ತದ. ಯಾಕಂದ್ರ ಗಾಡಿ ಓಡೋವಾಗ ಮುಂದಿನ ಗ್ಲಾಸಿನ ಬುಡದಾಗ ಗಾಳಿ ಒತ್ತಡ ಜಾಸ್ತಿ ಇರ್ತದ, ಪಕ್ಕದ ಕಿಟಕಿ ಮತ್ತ ಹಿಂದಿನ ಭಾಗದಾಗ ಕಡಿಮಿ. ಕಿಟಕಿ ಇಳಿಸಿದ್ರ ಒಳಗಿನ ಗಾಳಿನ ಹೊರಗ ಎಳೀತದ, ಆ ಖಾಲಿ ತುಂಬಾಕ ಮುಂದಿನ ತೂತಿನಿಂದ ಥಂಡಿ ಬರ್ತದ. ಸೊಸೈಟಿ ಪಾರ್ಕಿಂಗಿನ್ಯಾಗ ನಿಲ್ಲಿಸಿ ಎಷ್ಟ ತಡಕಾಡಿದ್ರೂ ಲೀಕ್ ಸಿಗೂದಿಲ್ಲ, ಹೈವೇದಾಗ ಮಾತ್ರ ಕಾಡ್ತದ ಅನ್ನೋದಕ್ಕ ಇದ ಕಾರಣ.

ಬಿಸಿ ಕಡೆ ತಕರಾರು ಇದ್ರ

ಇಂಜಿನ್ ಪೂರ್ತಿ ಆರಿದ ಮ್ಯಾಲ, ಮರುದಿನ ಬೆಳಗ್ಗೆ ಆದ್ರ ಇನ್ನೂ ಚಲೋ, ರೇಡಿಯೇಟರ್ ಕ್ಯಾಪ್ ತೆಗದು ನೋಡ್ರಿ. ಬಿಸಿ ಇದ್ದಾಗ ಅದರ ತಂಟೆಗ ಹೋಗಬ್ಯಾಡ್ರಿ, ಒಳಗ ಪ್ರೆಶರ್ ಇರ್ತದ, ಮುಖಕ್ಕ ಚಿಮ್ಮತದ. ರಿಸರ್ವ್ ಬಾಟಲಿ ತುಂಬಿದ್ದು ನೋಡಿ ಸಮಾಧಾನ ಮಾಡ್ಕೋಬ್ಯಾಡ್ರಿ, ಬಾಟಲಿ ತುಂಬಿದ್ರೂ ರೇಡಿಯೇಟರ್ ಖಾಲಿ ಇರಬಹುದು. ಕೂಲಂಟ್ ಬಾಯಿ ತನಕ ಇರಬೇಕು, ಬಣ್ಣ ಹಸಿರೋ ಕೆಂಪೋ ನೀಲಿನೋ ಇರಲಿ ತಿಳಿ ಇರಬೇಕು. ಚಹಾದ ಬಣ್ಣ ಇದ್ರ ಯಾರೋ ನಳದ ನೀರು ಹಾಕ್ಯಾರ, ಒಳಗ ತುಕ್ಕು ಹಿಡದದ.

ಲೆವೆಲ್ ಕಡಿಮಿ ಇದ್ರ ಕೂಲಂಟ್ ಮತ್ತ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಕಲಸಿ ತುಂಬ್ರಿ, ರೆಡಿಮಿಕ್ಸ್ ತಂದಿದ್ರ ಹಂಗ ಹಾಕ್ರಿ. ಆಮ್ಯಾಲ ಕ್ಯಾಪ್ ಬಿಚ್ಚಿಟ್ಟು ಹೀಟರ್ ಲಿವರ್ ಪೂರ್ತಿ ಬಿಸಿ ಮಾಡಿ ಇಂಜಿನ್ ಚಾಲೂ ಮಾಡ್ರಿ, ಗುಳ್ಳಿ ಬರೋದು ನಿಲ್ಲೋ ತನಕ ನಿಂತು ಇಳದಂಗ ತುಂಬ್ಕೋಂತ ಹೋಗ್ರಿ, ಫ್ಯಾನ್ ಒಂದು ಸಲ ತಿರುಗಿ ನಿಂತ ಮ್ಯಾಲ ಕ್ಯಾಪ್ ಹಾಕ್ರಿ. ಮೂಗಿನ ಕಡೆ ಏರಿದ್ದ ರಸ್ತಾದಾಗ ಗಾಡಿ ನಿಲ್ಲಿಸಿದ್ರ ಗಾಳಿ ಲಗೂ ಹೊಂಟು ಹೋಗ್ತದ. ಕಡಿಮಿ ಆಗಿದ್ದು ಯಾಕ ಅಂತನೂ ಹುಡುಕ್ರಿ ಮತ್ತ, ಕೂಲಂಟ್ ತಾನ ಆವಿ ಆಗಿ ಹೋಗೋದಿಲ್ಲ.

ಲೆವೆಲ್ ಸರಿ ಇದ್ರ ಹೋಸ್ ಮುಟ್ಟಿ ನೋಡೋದು. ಇಂಜಿನ್ ಬಿಸಿ ಮಾಡಿ ಬಂದ್ ಮಾಡ್ರಿ, ಫೈರ್‌ವಾಲ್ ಒಳಗ ಹೋಗೋ ಎರಡೂ ಹೋಸ್ ಮ್ಯಾಲ ದಪ್ಪ ಬಟ್ಟಿ ಹಾಕಿ ಕೈ ಇಡ್ರಿ. ಎರಡೂ ಸುಡ್ತಾವ ಅಂದ್ರ ನೀರು ತಿರುಗಾಕತ್ತದ, ತಕರಾರು ಫ್ಲ್ಯಾಪಿನ್ಯಾಗೋ ಕೇಬಲ್ಲಿನ್ಯಾಗೋ ಅದ. ಒಂದು ಸುಟ್ಟು ಒಂದು ಥಂಡ ಇದ್ರ ವಾಲ್ವ್ ಬಂದ್ ಅದ ಇಲ್ಲಾ ಕಾಯಿಲ್ ಕಟ್ಟ್ಯದ. ಎರಡೂ ಬರೇ ಬೆಚ್ಚಗ ಇದ್ರ ಥರ್ಮೋಸ್ಟ್ಯಾಟ್ ನೋಡ್ರಿ.

ಈ ಥರ್ಮೋಸ್ಟ್ಯಾಟ್ ಬಗ್ಗೆ ನನಗ ಸಿಟ್ಟ ಅದ, ಸ್ವಲ್ಪ ಜಾಸ್ತಿ ಬರೀತೀನಿ. ನಮ್ಮ ಕಡೆ ಗಾಡಿ ಒಂದು ಸಲ ಹೀಟ್ ಆದ್ರ ಸಾಕು, ಎಷ್ಟೋ ಗ್ಯಾರೇಜಿನ್ಯಾಗ ಮೊದ್ಲ ಅದನ್ನ ಕಿತ್ತು ಒಗೀತಾರ, "ನಮ್ಮ ಹವಾಕ್ಕ ಇದು ಬೇಕಾಗಿಲ್ರಿ" ಅಂತ ಸಮಾಧಾನನೂ ಹೇಳ್ತಾರ. ಇಂಜಿನ್ ಒಂದು ಹಂತಕ್ಕ ಬಿಸಿ ಆಗೋ ತನಕ ನೀರನ್ನ ದೊಡ್ಡ ರೇಡಿಯೇಟರಿಗೆ ಬಿಡದಂಗ ತಡೆಯೋದು ಅದರ ಕೆಲಸ. ಅದ ಇಲ್ಲಂದ್ರ ಬೆಳಗಿನ ಥಂಡ್ಯಾಗ ಹೈವೇ ಮ್ಯಾಲ ಇಂಜಿನ್ ಬಿಸಿನ ಆಗೂದಿಲ್ಲ, ಮುಳ್ಳು ಕೆಳಗ ಬಿದ್ದಿರ್ತದ, ಹೀಟರ್ ಉಗುರುಬೆಚ್ಚಗ ಊದ್ತದ. ಅದರ ಮ್ಯಾಲ ಪೆಟ್ರೋಲ್ ಜಾಸ್ತಿ ಕುಡೀತದ, ಆಯಿಲ್ ಕೆಡ್ತದ, ಇಂಜಿನ್ ಸವೀತದ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋರು ಮೊದ್ಲ ಥರ್ಮೋಸ್ಟ್ಯಾಟ್ ಅದನೋ ಇಲ್ಲೋ ಹೌಸಿಂಗ್ ಬಿಚ್ಚಿಸಿ ನೋಡ್ರಿ. ಇದ್ರ ಅದರ ಮ್ಯಾಲ 82 ಇಲ್ಲಾ 88, ಹಿಂಗೊಂದು ನಂಬರ್ ಒತ್ತಿರ್ತದ, ಅಷ್ಟು ಡಿಗ್ರಿಗೆ ಅದು ತೆರಿಯಾಕ ಶುರು ಆಗಬೇಕು. ದಾರ ಕಟ್ಟಿ ಪಾತೇಲಿ ನೀರಿನ್ಯಾಗ ಇಳಿಬಿಟ್ಟು ಥರ್ಮಾಮೀಟರ್ ಹಾಕಿ ಕಾಯಿಸ್ರಿ, ತಳಕ್ಕ ತಾಕಬಾರದು. ತಣ್ಣೀರಿನ್ಯಾಗನ ಬಾಯಿ ತಕ್ಕೊಂಡು ನಿಂತಿದ್ರ ಕೆಟ್ಟದ. ಹೊಸದು ಏನು ಭಾಳ ದುಬಾರಿ ಅಲ್ಲ, ಪುಣೆಯ ನಾನಾ ಪೇಠಿನ ಬಿಡಿಭಾಗದ ಅಂಗಡಿಯೊಳಗ ಗಾಡಿ ಮಾಡೆಲ್ ಹೇಳಿದ್ರ ಕೊಡ್ತಾರ, ಜೋಡಿಗೆ ಗ್ಯಾಸ್ಕೆಟ್ (ಜೋಡಣಿ ಸಂದಿ ಮುಚ್ಚೋ ತೆಳ್ಳನ ಪಟ್ಟಿ) ಕೇಳೋದು ಮರೀಬ್ಯಾಡ್ರಿ.

ಇನ್ನೊಂದು ದೇಸಿ ಇಲಾಜೂ ಅದ. ಹೀಟರ್ ಕಾಯಿಲ್ ಸೋರಿದಾಗ ಡ್ಯಾಶ್‌ಬೋರ್ಡ್ ಬಿಚ್ಚೋ ತ್ರಾಸು ಬ್ಯಾಡಂತ ಎರಡೂ ಹೋಸ್ ಬಿಚ್ಚಿ ಇಂಜಿನ್ ಕಡೇನ ಒಂದಕ್ಕೊಂದು ಜೋಡಿಸಿಬಿಡ್ತಾರ. ಬಾನೆಟ್ ತೆಗದು ನೋಡ್ರಿ, ಫೈರ್‌ವಾಲ್‌ನಿಂದ ಹೊರಗ ಬಂದ ಎರಡು ಪೈಪಿನ ಬಾಯಿ ಬರಿದಾಗಿದ್ದು ಒಂದು ಹೋಸ್ ಸುತ್ತಿ ವಾಪಸ್ ಹೋಗಿದ್ರ ನಿಮ್ಮ ಗಾಡಿಗೆ ಹೀಟರ್ ಇದ್ದೂ ಇಲ್ಲದಂಗ. ಅಲ್ಲಿ ಕಾಯಿಲ್ ಬದಲಿಸದ ಬ್ಯಾರೆ ದಾರಿ ಇಲ್ಲ, ಅದನ್ನ ಗೊತ್ತಿದ್ದೋರ ಕಡೆ ಮಾಡಿಸ್ರಿ.

ಕಾಯಿಲ್ ಕಟ್ಟಿದ್ದಷ್ಟ ಆದ್ರ ಮನ್ಯಾಗ ತೊಳೀಬಹುದು. ಇಂಜಿನ್ ಆರಿರಬೇಕು, ಎರಡೂ ಹೋಸಿನ ಕ್ಲ್ಯಾಂಪ್ ಸಡಿಲಿಸ್ರಿ, ಹಳೇ ಹೋಸ್ ಅಂಟಿರ್ತದ, ಜೋರಾಗಿ ಜಗ್ಗಿದ್ರ ಪೈಪ್ ಮುರೀತದ, ಮೆಲ್ಲಕ ತಿರುವಿ ಬಿಡಿಸ್ರಿ. ನೀರು ಹೊರಗ ಬರೋ ಪೈಪಿಗೆ ನಳದ ಪೈಪ್ ಹಚ್ಚಿ ಉಲ್ಟಾ ಬಿಡ್ರಿ, ಸಣ್ಣಗ ಬಿಡ್ರಿ, ಪ್ರೆಶರ್ ವಾಶರ್, ಕಂಪ್ರೆಸರ್ ಹಚ್ಚಿದ್ರ ಹಳೇ ಕಾಯಿಲ್ ಬಿಚ್ಕೊಂಡು ಹೋಗ್ತದ. ಮೊದ್ಲ ಮಣ್ಣುಬಣ್ಣ ಬರ್ತದ, ತಿಳಿ ಆದ ಮ್ಯಾಲ ಕಡೀಕ ಡಿಸ್ಟಿಲ್ಡ್ ವಾಟರ್ ಹಾಯ್ಸಿ ಹೊಸಾ ಕ್ಲ್ಯಾಂಪ್ ಹಾಕ್ರಿ. ಹಳೇ ಕೂಲಂಟ್ ಬಕೆಟ್ಟಿನ್ಯಾಗ ಹಿಡೀರಿ, ನೆಲಕ್ಕ ಚೆಲ್ಲಬ್ಯಾಡ್ರಿ. ಅದು ವಿಷ, ರುಚಿ ಸಿಹಿ ಇರ್ತದ, ಸೊಸೈಟಿ ನಾಯಿ ಬೆಕ್ಕು ನೆಕ್ಕಿ ಸಾಯ್ತಾವ.

ಹೋಸ್ ಎರಡೂ ಸುಡಾಕತ್ತಿದ್ರೂ ವೆಂಟ್ ಥಂಡ ಇದ್ರ ಕೇಬಲ್. ನಡುವಿನ ಕನ್ಸೋಲ್ ಪಕ್ಕ ಟಾರ್ಚ್ ಹಿಡದು ತಲಿ ಕೆಳಗ ಹಾಕಿ ನೋಡ್ರಿ, ಹೀಟರ್ ಡಬ್ಬಿ ಬದಿಗೆ ಪ್ಲಾಸ್ಟಿಕ್ ತೋಳು ಕಾಣ್ತದ, ಅದಕ್ಕ ತಂತಿ ಸಿಕ್ಕಿಸಿರ್ತಾರ, ಅದರ ಹಿಂದ ಕೇಬಲ್ಲಿನ ಹೊರ ಕವಚ ಹಿಡಿಯೋ ಕ್ಲಿಪ್ ಇರ್ತದ. ಆ ಕ್ಲಿಪ್ ಜಾರಿದ್ರ ನೀವು ಲಿವರ್ ಪೂರ್ತಿ ಎಳದ್ರೂ ಫ್ಲ್ಯಾಪ್ ಮುಕ್ಕಾಲು ತಿರುಗಿ ನಿಲ್ತದ, ಉಳದ ಕಾಲು ಭಾಗದಿಂದ ಥಂಡಿ ಗಾಳಿ ಕಾಯಿಲ್ ಮುಟ್ಟದ ಹಂಗ ಬರ್ತದ. ಲಿವರ್ ಪೂರ್ತಿ ಬಿಸಿ ಕಡೆ ಇಡ್ರಿ, ಕ್ಲಿಪ್ ತೆಗೀರಿ, ತೋಳನ್ನ ಕೈಯಿಂದ ಬಿಸಿ ಕಡೆ ಕೊನಿ ತನಕ ಒತ್ತಿ ಹಿಡ್ಕೊಂಡು ಕ್ಲಿಪ್ ವಾಪಸ್ ಒತ್ರಿ. ಕ್ಲಿಪ್ ಮುರದಿದ್ರ ಸಣ್ಣ ಕೇಬಲ್ ಟೈ ನಡೀತದ. ಎಷ್ಟೋ ಗಾಡ್ಯಾಗ ರಿಪೇರಿ ಇಷ್ಟಕ್ಕ ಮುಗೀತದ.

ಫ್ಲ್ಯಾಪಿನ ಸ್ಪಂಜ್ ಹೋಗಿದ್ರ ಹೊಸದು ಅಂಟಿಸಬೇಕು. ಒಳಗಿನ-ಹೊರಗಿನ ಗಾಳಿ ಫ್ಲ್ಯಾಪ್ ಬ್ಲೋವರ್ ಹತ್ರ ಇರ್ತದ, ಭಾಳಷ್ಟು ಗಾಡ್ಯಾಗ ಗ್ಲವ್ ಬಾಕ್ಸ್ ಬಿಚ್ಚಿ ಬ್ಲೋವರ್ ಇಳಿಸಿದ್ರ ಕೈಗೆ ಸಿಗ್ತದ. ಸಾದಾ ಸೋಫಾ ಸ್ಪಂಜ್ ಹಚ್ಚಬ್ಯಾಡ್ರಿ, ನೀರು ಹೀರ್ತದ. ಎಸಿ ಡಕ್ಟಿಗೆ ಸುತ್ತೋ ಕರೇ ನೈಟ್ರೈಲ್ ಶೀಟ್ ಸಿಗ್ತದಲ್ಲ, ಹಿಂದ ಗೋಂದು ಇರೋದು, 5-6 ಎಂಎಂ ದಪ್ಪದ್ದು ತಂದು ಪಟ್ಟಿ ಕತ್ತರಿಸಿ ಅಂಟಿಸ್ರಿ, ಫ್ಲ್ಯಾಪ್ ಸಲೀಸು ತಿರುಗ್ತದನ ನೋಡ್ಕೋರಿ. ಹೀಟರ್ ಕಾಯಿಲ್ ಕಡೆ ಇರೋ ಬಿಸಿ ಫ್ಲ್ಯಾಪಿಗೆ ಡಬ್ಬಿನ ಹೊರಗ ತೆಗೀಬೇಕು, ಅದು ದೊಡ್ಡ ಕೆಲಸ, ಎಸಿ ಇರೋ ಗಾಡ್ಯಾಗ ಗ್ಯಾಸ್ ಲೈನ್ ಅಡ್ಡ ಬಂದ್ರಂತೂ ಮುಟ್ಟಬ್ಯಾಡ್ರಿ. ಮುಂದ ಎಂದಾದ್ರೂ ಕೂಲಿಂಗ್ ಕಾಯಿಲ್ ಬದಲಿಸೋ ಪ್ರಸಂಗ ಬಂದಾಗ ಜೋಡಿಗೇ ಮಾಡಿಸ್ರಿ.

ಹಂಗ ಮುಖಕ್ಕೂ ಕಾಲಿಗೂ ಎರಡೂ ಕಡೆ ಗಾಳಿ ಬಿಡೋ ಸೆಟ್ಟಿಂಗಿನ್ಯಾಗ ಮ್ಯಾಲಿನ ವೆಂಟಿನಿಂದ ಜರಾ ಥಂಡ ಗಾಳಿ ಬರೋದು ಭಾಳ ಗಾಡ್ಯಾಗ ಡಿಸೈನ್‌ನ ಹಂಗ ಅದ, ಅದನ್ನ ಲೀಕ್ ಅಂತ ತಿಳೀಬ್ಯಾಡ್ರಿ.

ಬಾಡಿ ಲೀಕ್ ಹುಡುಕೋದು

ರಾತ್ರಿ ಕತ್ತಲ್ಯಾಗ ಒಬ್ಬರು ಬಾನೆಟ್ ತೆಗದು ಫೈರ್‌ವಾಲ್ ಮ್ಯಾಲ ಜೋರ್ ಟಾರ್ಚ್ ಆಡಿಸ್ರಿ, ಇನ್ನೊಬ್ಬರು ಒಳಗ ಪೆಡಲ್ ಕಡೆ ತಲಿ ಹಾಕಿ ಮಲಕೋರಿ. ಬೆಳಕು ಬಂದಲ್ಲಿ ಗಾಳಿನೂ ಬರ್ತದ. ಆದ್ರ ಸೊಟ್ಟ ತೂತಿನಿಂದ ಬೆಳಕು ಬರೂದಿಲ್ಲ, ಗಾಳಿ ಬರ್ತದ. ಅದಕ್ಕ ಊದಿನಕಡ್ಡಿ.

ಬಯಲಿನ್ಯಾಗ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಇರಲಿ, ಕಿಟಕಿ ಎಲ್ಲಾ ಹಾಕಿ ಬ್ಲೋವರ್ ಬಂದ್ ಮಾಡ್ರಿ. ಮನಿ ಟೇಬಲ್ ಫ್ಯಾನ್ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿ ಬಾನೆಟ್ ತೆಗದು ಫೈರ್‌ವಾಲ್ ಕಡೆ ಊದಾಕ ಹಚ್ರಿ. ಒಳಗ ಕೂತು ಊದಿನಕಡ್ಡಿನ ಕ್ಲಚ್ ಕೇಬಲ್ ಹೋಗೋ ತೂತಿನಿಂದ ಒಂದು ಗೇಣು ದೂರ ಹಿಡೀರಿ. ನೆಟ್ಟಗ ಏರೋ ಹೊಗಿ ಒಮ್ಮಿಗೆ ನಿಮ್ಮ ಮೊಣಕಾಲ ಕಡೆ ಬಾಗಿ ಚದುರಿದ್ರ ಅಲ್ಲೆ ಲೀಕ್ ಅದ, ಚಾಕ್‌ಪೀಸಿನಿಂದ ಗುರುತು ಹಾಕ್ರಿ. ಹಿಂಗ ಒಂದೊಂದ ನೋಡ್ಕೋಂತ ಬರ್ರಿ: ಎಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಸ್ಟೇರಿಂಗ್ ರಾಡ್ ಇಳಿಯೋ ಜಾಗಾದ ರಬ್ಬರ್ ಬೂಟ್, ದಪ್ಪ ವೈರಿಂಗ್ ಗೊಂಚಲು, ಹೀಟರ್ ಹೋಸ್ ಬರೋ ಜಾಗಾ, ಗೇರ್ ಲಿವರ್ ಬುಡ, ಹ್ಯಾಂಡ್‌ಬ್ರೇಕ್ ಕೇಬಲ್. ಸೀಟಿನ ಸ್ಪಂಜಿಗೆ ಕಿಡಿ ತಾಕೀತು, ಜ್ವಾಕಿ, ಸಿಎನ್‌ಜಿ ಗಾಡ್ಯಾಗ, ಪೆಟ್ರೋಲ್ ವಾಸನಿ ಇರೋ ಗಾಡ್ಯಾಗ ಕಡ್ಡಿ ಹಚ್ಚಲೇಬ್ಯಾಡ್ರಿ, ಅಲ್ಲಿ ತೆಳ್ಳನ ಪಾಲಿಥೀನ್ ಪಟ್ಟಿ ಹಿಡದ್ರ ಅದು ಅಲ್ಲಾಡೋದು ಕಾಣ್ತದ.

ನಮ್ಮ ಪುಣೆ-ಮುಂಬೈ ಗಾಡಿಗಳೊಳಗ ಕಂಪನಿ ಕೊಟ್ಟ ತೂತಿಗಿಂತ ಆಮ್ಯಾಲ ಕೊರದ ತೂತಿನಿಂದ ಬರೋ ಥಂಡಿನ ಜಾಸ್ತಿ. ಸಿಎನ್‌ಜಿ ಕಿಟ್ ಹಾಕೋವಾಗ ಸ್ವಿಚ್ಚಿನ ವೈರ್ ಸಲುವಾಗಿ ಡ್ರಿಲ್ ಹೊಡೀತಾರ, ಹಾರ್ನ್ ರಿಲೇ, ಫಾಗ್ ಲ್ಯಾಂಪ್, ಆಂಪ್ಲಿಫೈಯರ್ ವೈರ್, ಎಲ್ಲಾದಕ್ಕೂ ಒಂದೊಂದು ತೂತು, ಗ್ರೋಮೆಟ್ (ತೂತಿನ ಅಂಚಿಗೆ ಕೂಡಿಸೋ ರಬ್ಬರ್ ಬಳಿ) ಮಾತ್ರ ಯಾರೂ ಹಾಕೂದಿಲ್ಲ. ಥಂಡಿ ಹೋಗ್ಲಿ, ಪತ್ರಾದ (ತಗಡಿನ) ಹರಿತ ಅಂಚಿಗೆ ವೈರ್ ತಿಕ್ಕಿ ಶಾರ್ಟ್ ಆಗಿ ಬೆಂಕಿ ಹತ್ತೋ ಭಯ ಅದ. ಇನ್ನು ಪಾರ್ಕಿಂಗಿನ ಇಲಿ. ಗ್ರೋಮೆಟ್ ಕಡದು ದಾರಿ ಮಾಡ್ಕೊಳ್ತಾವ, ಬ್ಲೋವರ್ ಗಾಳಿ ತಗೊಳ್ಳೋ ಜಾಗಾದಾಗ ಚಿಂದಿ ಕೂಡಿಹಾಕಿ ಗೂಡು ಕಟ್ತಾವ.

ಬಾಗಿಲಿಗೆ ಕಾಗದದ ಪರೀಕ್ಷಾ. ಹತ್ತು ರೂಪಾಯಿ ನೋಟು ಬಾಗಿಲ ಸಂದ್ಯಾಗ ಇಟ್ಟು ಬಾಗಿಲು ಹಾಕಿ ಎಳೀರಿ, ಬಿಗಿ ಹಿಡದು ಬರಬೇಕು, ಸುಮ್ನ ಜಾರಿ ಬಂದ್ರ ಅಲ್ಲಿ ಬೀಡಿಂಗ್ (ಬಾಗಿಲ ಸುತ್ತಿನ ರಬ್ಬರ್ ಪಟ್ಟಿ) ಚಪ್ಪಟಿ ಆಗ್ಯದ. ಸುತ್ತಲೂ ಗೇಣಿಗೊಂದು ಕಡೆ ನೋಡ್ರಿ, ಮ್ಯಾಲಿನ ಹಿಂದಿನ ಮೂಲಿ ಸಾಮಾನ್ಯವಾಗಿ ಮೊದ್ಲ ಸೋಲ್ತದ. ಡಿಕ್ಕಿ ಬಾಗಿಲಿಗೂ ಇದ ಪರೀಕ್ಷಾ ಮಾಡ್ರಿ, ಯಾಕ ಅಂತ ಮುಂದ ಹೇಳ್ತೀನಿ.

ಮ್ಯಾಟ್ ಎತ್ತಿ ನೆಲಾನೂ ನೋಡ್ರಿ. ಕಂಪನಿಯವ್ರು ಕೊಟ್ಟ ರಬ್ಬರ್ ಬಿರಡಿ ಬಿದ್ದು ಹೋಗಿರ್ತಾವ. ಗೋವಾದಿಂದ, ಮುಂಬೈದಿಂದ ಬಂದ ಗಾಡಿ ಆದ್ರ ಸಮುದ್ರದ ಹವಾಕ್ಕ ಪತ್ರಾನ ತಿಂದು ಹೋಗಿರ್ತದ, ಸ್ಕ್ರೂಡ್ರೈವರ್ ಹಿಡಿಯಿಂದ ಬಡದ್ರ ಗೊತ್ತಾಗ್ತದ. ತುಕ್ಕಿನ ತೂತಿಗೆ ಟೇಪ್ ಇಲಾಜ್ ಅಲ್ಲ, ಪತ್ರಾ ಕತ್ತರಿಸಿ ವೆಲ್ಡಿಂಗ್ ಮಾಡ್ಸಬೇಕು.

ಮುಚ್ಚೋದು

ಸಾಮಾನಿಗೆ ರವಿವಾರ ಪೇಠಿನ ಬೋಹರಿ ಆಳಿಗೆ ಹೋದ್ರ ಟೇಪು, ಸ್ಪಂಜು, ಸೀಲಂಟ್ ಎಲ್ಲಾ ಸಿಗ್ತಾವ, ಗ್ರೋಮೆಟ್ ಮತ್ತ ಬೀಡಿಂಗ್ ನಾನಾ ಪೇಠಿನ್ಯಾಗ. ಮುರದ ಲಿವರ್, ಗೇರ್ ಬೂಟ್‌ನಂಥ ಹಳೇ ಮಾಲು ಬೇಕಾದ್ರ ಬುಧವಾರ ಇಲ್ಲಾ ರವಿವಾರ ಜುನಾ ಬಾಜಾರಿಗೆ ಒಂದು ಸುತ್ತು ಹಾಕ್ರಿ, ಸಿಕ್ರ ಸಿಕ್ತು.

ಅಂಟಿಸೋ ಕೆಲಸ ಮಧ್ಯಾಹ್ನದಾಗ ಮಾಡ್ರಿ, ಪತ್ರಾ ಬೆಚ್ಚಗ ಇದ್ದಾಗ ಗೋಂದು ಹಿಡಿಯೋದ ಬ್ಯಾರೆ. ಮೊದ್ಲ ಹಳೇ ಗೋಂದು ಕೆರದು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟಿಯಿಂದ ಎಣ್ಣಿಜಿಡ್ಡು ಒರಸ್ರಿ. ಧೂಳಿನ ಮ್ಯಾಲ ಹಚ್ಚಿದ ಟೇಪ್ ಒಂದು ವಾರ ಇರೂದಿಲ್ಲ.

ವೈರ್ ಹೋಗೋ ತೂತಿಗೆ ಅಳತಿ ನೋಡಿ ರಬ್ಬರ್ ಗ್ರೋಮೆಟ್ ಹಾಕ್ರಿ. ವೈರ್ ಬಿಚ್ಚಾಕ ಆಗೂದಿಲ್ಲ ಅಂದ್ರ ಗ್ರೋಮೆಟ್ಟಿಗೆ ಒಂದು ಕಡೆ ಬ್ಲೇಡಿನಿಂದ ಸೀಳು ಕೊಟ್ಟು ವೈರಿಗೆ ತೊಡಿಸಿ ತೂತಿನ್ಯಾಗ ಕೂಡಿಸ್ರಿ, ಸೀಳು ಮ್ಯಾಲಿನ ಕಡೆ ಬರಲಿ, ಅದರ ಸುತ್ತ ಬ್ಯೂಟೈಲ್ ಟೇಪ್ ಒತ್ರಿ. ಬ್ಯೂಟೈಲ್ ಅಂದ್ರ ಕರೇ ಜಿಗುಟು ಟೇಪು, ಚಪಾತಿ ಹಿಟ್ಟಿನಂಗ ಬೇಕಾದ ಆಕಾರಕ್ಕ ತಿದ್ದಿ ಒತ್ತಬಹುದು, ಎಂದೂ ಗಟ್ಟಿ ಆಗೂದಿಲ್ಲ, ನಾಳೆ ಬಿಚ್ಚಬೇಕಂದ್ರ ಬಿಚ್ಚಾಕ ಬರ್ತದ. ಎಲ್ಲಾದಕ್ಕೂ ಎಂ-ಸೀಲ್ ಮೆತ್ತೋ ಚಟ ನಮ್ಮ ಮಂದೀಗದ, ಕೇಬಲ್ ಹತ್ರ ಅದು ಬ್ಯಾಡ, ಕಲ್ಲಾಗಿ ಇಂಜಿನ್ ನಡುಗಿದಾಗ ಬಿರೀತದ, ಕೇಬಲ್ ಬದಲಿಸೋವಾಗ ಸುತ್ತಿಗಿ ಹಿಡೀಬೇಕಾಗ್ತದ. ಡಬ್ಬಿಯಿಂದ ಉಬ್ಬಿ ಬರೋ ಪಿಯು (ಪಾಲಿಯುರೆಥೇನ್) ಫೋಮ್ ಅಂತೂ ಗಾಡಿಗೆ ಬ್ಯಾಡೇ ಬ್ಯಾಡ, ನೀರು ಹಿಡದಿಟ್ಕೊಂಡು ಪತ್ರಾ ಕೊಳಸ್ತದ, ಬೆಂಕಿನೂ ಹಿಡೀತದ. ಸಿಲಿಕಾನ್ ತಂದ್ರ ಹುಳಿ ವಿನೆಗರ್ ವಾಸನಿ ಬರೋದು ತರಬ್ಯಾಡ್ರಿ, ಬರೇ ಪತ್ರಾಕ್ಕ ತುಕ್ಕು ಹಿಡಸ್ತದ, ನ್ಯೂಟ್ರಲ್ ಅಂತ ಕೇಳಿ ತಗೋರಿ. ಪತ್ರಾದ ಜೋಡಣಿ ಸಂದಿಗೆ ಪಿಯು ಸೀಲಂಟ್ ಚಲೋ. ಕ್ಲಚ್, ಎಕ್ಸಿಲರೇಟರ್, ಸ್ಟೇರಿಂಗ್ ಹತ್ರ ಏನ ಹಚ್ಚಿದ್ರೂ ಆಮ್ಯಾಲ ಪೆಡಲ್ ಒತ್ತಿ ಬಿಟ್ಟು ನೋಡ್ರಿ, ಎಕ್ಸಿಲರೇಟರ್ ಸಿಕ್ಕೊಂಡ್ರ ಥಂಡಿಗಿಂತ ದೊಡ್ಡ ಕಥಿ ಆಗ್ತದ.

ಗೇರ್ ಬುಡದಾಗ ಕಾಣೋ ರೆಕ್ಸಿನ್ ಬೂಟ್ ಬರೇ ಶೋಕಿಗೆ, ಗಾಳಿ ತಡೆಯೋದು ಅದರ ಕೆಳಗಿನ ರಬ್ಬರ್. ಕನ್ಸೋಲ್ ಬಿಚ್ಚಿ ನೋಡಿದ್ರ ಸೀಳಿರ್ತದ. ಹೊಸಾದು ಹಾಕ್ರಿ, ಅಂಚಿನ ಸ್ಕ್ರೂ ಎಲ್ಲಾ ಹಾಕ್ರಿ, ಮಿಸ್ತ್ರಿಗಳು ನಾಕರಾಗ ಎರಡು ಹಾಕಿ ಕಳಿಸಿರ್ತಾರ.

ಬಾಗಿಲಿಗೆ ಬೀಡಿಂಗ್ ಬದಲಿಸೋ ಮೊದ್ಲ ಸ್ಟ್ರೈಕರ್ ನೋಡ್ರಿ, ಪಿಲ್ಲರಿಗಿರೋ ಬಾಗಿಲ ಕೊಂಡಿ ಅದು. ಸುತ್ತ ಪೆನ್ಸಿಲ್ ಗೆರಿ ಹಾಕಿ ಸ್ಕ್ರೂ ಜರಾ ಸಡಿಲಿಸಿ ಒಂದು ಎಂಎಂ ಒಳಗ ಸರಿಸಿ ಬಿಗಿ ಮಾಡ್ರಿ, ನೋಟು ಬಿಗಿ ಹಿಡಿಯೋ ತನಕ ಹಿಂಗ ಸ್ವಲ್ಪ ಸ್ವಲ್ಪ. ಅದಕ್ಕೂ ಬಗ್ಗಲಿಲ್ಲಂದ್ರ ಹೊಸಾ ಬೀಡಿಂಗ್. ಮೊದ್ಲ ಮೂಲಿಗಳಿಗೆ ಕೂಡಿಸಿ ಆಮ್ಯಾಲ ನಡುವಿನದ್ದು ಒತ್ಕೋಂತ ಹೋಗ್ರಿ, ಜಗ್ಗಿ ಹಾಕಬ್ಯಾಡ್ರಿ, ಜಗ್ಗಿದ ರಬ್ಬರ್ ಮುಂದ ಕುಗ್ಗಿ ಮೂಲ್ಯಾಗ ಸಂದಿ ಬಿಡ್ತದ. ಜೋಡು ಕೆಳಗಿನ ಕಡೆ ಬರಲಿ.

ಬಾಗಿಲ ಪ್ಯಾನಲ್ಲಿನ ಸ್ಪೀಕರ್ ಜಾಳಗಿಯಿಂದ ಥಂಡಿ ಬಂದ್ರ ಪ್ಯಾನಲ್ ಹಿಂದಿನ ಪ್ಲಾಸ್ಟಿಕ್ ಹಾಳಿ ಹರದದ, ಇಲ್ಲಾ ಪವರ್ ವಿಂಡೋ, ಸೆಂಟ್ರಲ್ ಲಾಕ್ ಹಾಕಿದವ್ರು ಹರದು ಒಗದಾರ. ದಪ್ಪ ಪಾಲಿಥೀನ್ ಹಾಳಿ ಅಳತಿಗೆ ಕತ್ತರಿಸಿ ಬ್ಯೂಟೈಲ್ ಟೇಪಿನಿಂದ ಅಂಟಿಸ್ರಿ, ಹಾಳಿಯ ಕೆಳಗಿನ ತುದಿ ಬಾಗಿಲ ಒಳಗ ಮಡಚಿ ಹೋಗಬೇಕು, ಅಂದ್ರ ಮಳಿಗಾಲದಾಗ ಗ್ಲಾಸಿನಿಂದ ಇಳದ ನೀರು ಮ್ಯಾಟಿಗೆ ಬರದ ಬಾಗಿಲ ತಳಕ್ಕ ಹೋಗ್ತದ.

ಬ್ಲೋವರ್ ಗಾಳಿ ತಗೊಳ್ಳೋ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಗಿ ಹಾಕಿಬಿಡ್ರಿ, ಇಲಿ ಕಾಟ ಹೋಗ್ತದ. ಅಲ್ಲಿ ಕೂತ ಎಲಿ ಕಸ ತೆಗೀರಿ.

ಮುಚ್ಚಬಾರದ ತೂತು, ಮತ್ತ ಹೊಗಿ

ಹುರುಪಿನ್ಯಾಗ ಕಂಡದ್ದೆಲ್ಲಾ ಮುಚ್ಚಬ್ಯಾಡ್ರಿ. ಬಾಗಿಲ ತಳದ ಸಣ್ಣ ತೂತು ನೀರು ಹೋಗಾಕ. ಮುಂದಿನ ಗ್ಲಾಸಿನ ಕೆಳಗಿನ ಗಟಾರದ ತೂತು ಮಳಿನೀರಿಗೆ. ಫೈರ್‌ವಾಲ್ ಕೆಳಗ ಇಣುಕೋ ಸಣ್ಣ ರಬ್ಬರ್ ನಳಿ ಎಸಿ ನೀರು ಇಳಿಯೋದಕ್ಕ, ಅದು ಕಟ್ಟಿದ್ರ ಕಾಲ ಮ್ಯಾಟ್ ತೊಯ್ತದ. ಮ್ಯಾಟ್ ತೊಯ್ದು ಸಿಹಿ ವಾಸನಿ ಬಂದು ಮುಂದಿನ ಗ್ಲಾಸಿಗೆ ಎಣ್ಣಿಪದರ ಕೂತ್ರ ಅದು ಎಸಿ ನೀರಲ್ಲ, ಹೀಟರ್ ಕಾಯಿಲ್ ಸೋರಾಕತ್ತದ. ಹಿಂದಿನ ಬಂಪರ್ ಒಳಗ ರಬ್ಬರ್ ಪಟ್ಟಿ ಇರೋ ಜಾಳಗಿ ಇದ್ರ ಅದು ಒಳಗಿನ ಗಾಳಿ ಹೊರಗ ಹೋಗೋ ದಾರಿ, ಅದನ್ನ ಮುಚ್ಚಿದ್ರ ಗ್ಲಾಸ್ ಮಂಜಾಗ್ತದ, ಬ್ಲೋವರ್ ಗಾಳಿ ಸಣ್ಣ ಆಗ್ತದ. ಆ ಪಟ್ಟಿ ಹೊರಗ ಮಾತ್ರ ತೆರೀಬೇಕು, ಸೊಟ್ಟ ಆಗಿ ತೆರಕೊಂಡ ನಿಂತಿದ್ರ ಪಟ್ಟಿ ಬದಲಿಸ್ರಿ. ಸಿಎನ್‌ಜಿ ಸಿಲಿಂಡರ್ ವಾಲ್ವಿನಿಂದ ಡಿಕ್ಕಿ ನೆಲ ದಾಟಿ ಹೊರಗ ಹೋಗೋ ಪೈಪಿನ ಬಾಯಿಗೆ ಏನೂ ತುರುಕಬ್ಯಾಡ್ರಿ, ಗ್ಯಾಸ್ ಸೋರಿದ್ರ ಹೊರಗ ಹೋಗೋ ದಾರಿ ಅದ ಒಂದ.

ಎಲ್ಲಾಕ್ಕಿಂತ ಮುಖ್ಯ ಸೈಲೆನ್ಸರ್. ಥಂಡಿ ಗಾಳಿ ಬರೋ ತೂತಿನಿಂದನ ಇಂಜಿನ್ ಹೊಗಿನೂ ಬರ್ತದ, ಅದರಾಗಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನಿನೂ ಇಲ್ಲ ಬಣ್ಣನೂ ಇಲ್ಲ. ಗಾಡಿ ಓಡೋವಾಗ ಹಿಂದ ಒತ್ತಡ ಕಡಿಮಿ ಇರ್ತದ ಅಂದ್ನಲ್ಲ, ಸೈಲೆನ್ಸರಿನ ಹೊಗಿ ಅಲ್ಲೇ ಸುತ್ತಿ ಡಿಕ್ಕಿ ಬೀಡಿಂಗ್ ಸೋತಿದ್ರ ಒಳಗ ಬರ್ತದ. ಅದಕ್ಕ ಡಿಕ್ಕಿ ರಬ್ಬರ್ ಮೊದ್ಲ ಸರಿ ಮಾಡ್ರಿ. ಬೆಳಗ್ಗೆ ಥಂಡ ಇಂಜಿನ್ ಚಾಲೂ ಮಾಡಿದ ಕೂಡ್ಲೆ ಬಾನೆಟ್ ಕಡೆ ಟಿಕ್ ಟಿಕ್, ಫಟ್ ಫಟ್ ಸಪ್ಪಳ ಬಂದು ಬಿಸಿ ಆದ ಮ್ಯಾಲ ಕಡಿಮಿ ಆದ್ರ ಹೊಗಿ ಪೈಪ್ ಇಂಜಿನ್ನಿಗೆ ಕೂಡೋ ಜಾಗಾದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ತೋರಿಸ್ರಿ. ಕಿಟಕಿ ಹಾಕ್ಕೊಂಡು ಹೋಗೋವಾಗ ತಲಿನೋವು, ಹೊಟ್ಟಿ ತೊಳಸೋದು, ಮಂಪರು ಬಂದ್ರ ಗಾಡಿ ನಿಲ್ಲಿಸಿ ಎಲ್ಲಾರೂ ಇಳೀರಿ, ಸೈಲೆನ್ಸರ್ ಸರಿ ಮಾಡ್ಸೋ ತನಕ ಆ ಗಾಡ್ಯಾಗ ಕಿಟಕಿ ಹಾಕ್ಕೊಂಡು ಹೋಗಬ್ಯಾಡ್ರಿ. ಢಾಬಾದ ಮುಂದ ಇಂಜಿನ್ ಚಾಲೂ ಇಟ್ಟು ಹೀಟರ್ ಹಚ್ಕೊಂಡು ಮಲಗೋದು, ಬೇಸ್‌ಮೆಂಟ್ ಪಾರ್ಕಿಂಗಿನ್ಯಾಗ ಇಂಜಿನ್ ಬಿಸಿ ಮಾಡೋದು, ಎರಡೂ ಬ್ಯಾಡ.

ಕಡೀ ಪರೀಕ್ಷಾ

ಎಲ್ಲಾ ಆದ ಮ್ಯಾಲ ಮತ್ತ ನಸುಕಿನ್ಯಾಗ ಅದ ಹೈವೇ, ಅದ 70-80 ಸ್ಪೀಡು, ಅದ ಥರ್ಮಾಮೀಟರ್. ವೆಂಟಿನ್ಯಾಗ ಒಮ್ಮೆ, ಡ್ರೈವರ್ ಕಾಲ ಹತ್ರ ಒಮ್ಮೆ, ಹಿಂದಿನ ಸೀಟಿನ ಕೆಳಗ ಒಮ್ಮೆ ನೋಡ್ರಿ. ಒಳಗಿನ ಗಾಳಿ ಸೆಟ್ಟಿಂಗಿನ್ಯಾಗ ಲಗೂ ಬೆಚ್ಚಗ ಆಗ್ತದ, ಆದ್ರ ನಾಕೈದು ಮಂದಿ ಕೂತಾಗ ಉಸಿರಿನ ಹಸಿಗೆ ಗ್ಲಾಸ್ ಮಂಜಾಗ್ತದ, ಹಂಗಾಗಿ ಬೆಚ್ಚಗ ಆದ ಕೂಡ್ಲೆ ಹೊರಗಿನ ಗಾಳಿಗೆ ಬದಲಿಸ್ರಿ. ನಿಪ್ಪಾಣಿ ಹತ್ರ ತವಂದಿ ಘಾಟಿನ್ಯಾಗ ಮಂಜು ಕವಿದ್ರ ಹೀಟರ್ ಮತ್ತ ಎಸಿ ಎರಡೂ ಹಚ್ಚಿ ಗಾಳಿ ಗ್ಲಾಸಿಗೆ ಬಿಡ್ರಿ, ಎಸಿ ಹಸಿ ಹೀರ್ತದ, ಹೀಟರ್ ಬಿಸಿ ಮಾಡ್ತದ, ಗ್ಲಾಸ್ ಲಗೂ ತಿಳಿ ಆಗ್ತದ.

ಹೋಸ್ ಬಿಚ್ಚಿದ್ರ ಮರುದಿನ ಬೆಳಗ್ಗೆ ಕೂಲಂಟ್ ಲೆವೆಲ್ ಮತ್ತ ನೋಡ್ರಿ, ಉಳದ ಗಾಳಿ ಹೊಂಟು ಲೆವೆಲ್ ಇಳದಿರ್ತದ. ಮೇ ತಿಂಗಳಾಗ, ಮಳಿ ಶುರು ಆಗೋಕಿಂತ ಮೊದ್ಲ, ಬಾಗಿಲು ಮತ್ತ ಮುಂದಿನ ಗ್ಲಾಸಿನ ಬುಡಕ್ಕ ಪೈಪಿನಿಂದ ಐದು ನಿಮಿಷ ನೀರು ಬಿಟ್ಟು ಒಳಗ ಮ್ಯಾಟಿನ ಕೆಳಗ ಹಾಳಿ ಹಾಸಿ ನೋಡ್ರಿ. ಹಾಳಿ ತೊಯ್ದ ಜಾಗಾದ ಸೀಲ್ ತೆಗದು ಹೊಸದು ಹಚ್ರಿ.